ಪ್ರಕೃತಿಚಿತ್ರಕಾರ ಕೆ. ವೆಂಕಟಪ್ಪ

ನೀಲಗಿರಿಯ ಮಂಜನ್ನು ಕಂಡು ಬೆರಗಾದವರು ಅಸಂಖ್ಯರು. ಕ್ಷಣಕ್ಷಣಕ್ಕೂ ರೂಪ ಬದಲಿಸುವ ಆ ಮಂಜನ್ನು ಕಾಗದದ ಮೇಲೆ ಹಿಡಿದು ನಿಲ್ಲಿಸಿದವರು ವಿರಳ. ಅಂತಹವರಲ್ಲಿ ಕನ್ನಡ ನಾಡಿನ ಕೆ. ವೆಂಕಟಪ್ಪನವರು ಅಗ್ರಗಣ್ಯರು.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ಮೈಸೂರಿನ ಸಾಂಪ್ರದಾಯಿಕ ಚಿತ್ರಗಳಲ್ಲಿ ದೇವದೇವತೆಯರಿಗೆ ಅಗ್ರಸ್ಥಾನ. ಚಿನ್ನದ ರೇಕಿನ ಅಲಂಕಾರ ಅವುಗಳ ವೈಶಿಷ್ಟ್ಯ. ಗಿಡಮರಗಳೂ ಬೆಟ್ಟಗಳೂ ಅಲ್ಲಿ ಕೇವಲ ಹಿನ್ನೆಲೆ. ಇಂತಹ ಪರಂಪರೆಯಲ್ಲಿ ಬೆಳೆದ ಬಾಲಕನೇ ಮುಂದೆ ಆ ಹಿನ್ನೆಲೆಯನ್ನು ಚಿತ್ರದ ಜೀವಾಳವನ್ನಾಗಿ ಮಾಡಿದನು.

ತರುಣನ ಪ್ರತಿಭೆಯನ್ನು ಗುರುತಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು ಉನ್ನತ ಶಿಕ್ಷಣಕ್ಕೆ ನೆರವಾದರು. 1909ರಲ್ಲಿ ವೆಂಕಟಪ್ಪನವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸರು ಅದೇ ಗುರುವಿನ ಶಿಷ್ಯರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥವು 1913ರಲ್ಲಿ ಪ್ರಕಟವಾದಾಗ ಅದರಲ್ಲಿ ವೆಂಕಟಪ್ಪನವರ ರಾಮಾಯಣದ ಚಿತ್ರಗಳೂ ಸೇರಿದ್ದವು. ಹೊರನಾಡಿನಲ್ಲಿ ಹೆಸರು ಗಳಿಸಿದರೂ ಅವರು ತವರಿಗೆ ಮರಳಿದರು.

ಅವರ ಮನಸ್ಸು ಒಂದೇ ಕಲೆಗೆ ತೃಪ್ತವಾಗಲಿಲ್ಲ. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿತರು, ಉಬ್ಬುಶಿಲ್ಪಗಳನ್ನೂ ರಚಿಸಿದರು. ಆದರೆ ಅವರ ಕೀರ್ತಿಗೆ ಮುಖ್ಯ ಕಾರಣವಾದುವು, 1926ರಿಂದ ಮುಂದಿನ ವರ್ಷಗಳಲ್ಲಿ ಉದಕಮಂಡಲ ಮತ್ತು ಕೊಡೈಕೆನಾಲುಗಳನ್ನು ಕುರಿತು ರಚಿಸಿದ ಜಲವರ್ಣ ಚಿತ್ರಗಳು.

ಜಲವರ್ಣವು ಕಠಿಣವಾದ ಮಾಧ್ಯಮ. ಒಮ್ಮೆ ಒಣಗಿದ ಬಣ್ಣವನ್ನು ತಿದ್ದುವುದು ಸುಲಭವಲ್ಲ. ಬೆಳಕನ್ನು ತೋರಬೇಕಾದ ಕಡೆ ಕಾಗದದ ಬಿಳುಪನ್ನೇ ಉಳಿಸಿಕೊಳ್ಳಬೇಕು. ಆದ್ದರಿಂದ ಕುಂಚವನ್ನು ಹಿಡಿಯುವ ಮೊದಲೇ ಕಣ್ಣು ಎಲ್ಲವನ್ನೂ ನಿಶ್ಚಯಿಸಿರಬೇಕು. ವೆಂಕಟಪ್ಪನವರು ಸೂರ್ಯೋದಯ, ಬೆಳದಿಂಗಳು, ಚದುರುವ ಮಳೆಮೋಡ ಇವುಗಳನ್ನು ತಪಸ್ವಿಯ ತಾಳ್ಮೆಯಿಂದ ಗಮನಿಸಿ ಚಿತ್ರಿಸಿದರು. ಆ ಚಿತ್ರಗಳು ಗಾತ್ರದಲ್ಲಿ ಚಿಕ್ಕವು. ಅವುಗಳಲ್ಲಿ ದೇವರಿಲ್ಲ, ಅರಸನಿಲ್ಲ, ಕಥೆಯಿಲ್ಲ. ಬೆಟ್ಟ, ನೀರು, ಬೆಳಕು ಇಷ್ಟೇ ನೋಡುವವನ ಮನಸ್ಸನ್ನು ತುಂಬಲು ಸಾಕು.

ಅವರು ಅವಿವಾಹಿತರಾಗಿ ಉಳಿದು, ಸರಳವಾದ, ಕಟ್ಟುನಿಟ್ಟಿನ ಜೀವನವನ್ನು ನಡೆಸಿದರು. ತಮ್ಮ ಕೃತಿಗಳನ್ನು ಮಾರುವುದಕ್ಕೆ ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಈ ನಿಷ್ಠೆಗೆ ಅವರು ಬೆಲೆ ತೆರಬೇಕಾಯಿತು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ರಾಜಾಶ್ರಯ ತಪ್ಪಿತು. ಅರಮನೆಗಾಗಿ ಕೈಗೊಂಡಿದ್ದ ಕೆಲಸವು ಅರ್ಧಕ್ಕೆ ನಿಂತಿತು. ತಮಗೆ ನ್ಯಾಯವಾಗಿ ಸಲ್ಲಬೇಕಾದುದಕ್ಕಾಗಿ ಅವರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಬಳಿಕ ಬೆಂಗಳೂರಿನಲ್ಲಿ ನೆಲೆಸಿ, ಜನಜಂಗುಳಿಯಿಂದ ದೂರವಾಗಿ ಬಾಳಿದರು. ಕಷ್ಟಕಾಲದಲ್ಲಿಯೂ ತಮ್ಮ ಚಿತ್ರಗಳನ್ನು ಹಣಕ್ಕೆ ಒಪ್ಪಿಸಲಿಲ್ಲ. ಲಲಿತಕಲಾ ಅಕಾಡೆಮಿಯು ಅವರಿಗೆ ತನ್ನ ಫೆಲೋ ಗೌರವವನ್ನು ನೀಡಿತು. 1965ರಲ್ಲಿ ಅವರು ನಿಧನರಾದರು.

ಅವರು ಚಿತ್ರಗಳನ್ನು ಮಾರಿದ್ದರೆ ಅವು ಸಿರಿವಂತರ ಮನೆಗಳಲ್ಲಿ ಚದುರಿಹೋಗುತ್ತಿದ್ದುವು. ಮಾರದೆ ಉಳಿಸಿದುದರಿಂದ ಅವು ನಾಡಿನ ಸೊತ್ತಾದುವು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನಲ್ಲಿಯೇ ಸ್ಥಾಪಿತವಾದ ಚಿತ್ರಶಾಲೆಯು ಅವುಗಳಿಗೆ ನೆಲೆಯಾಯಿತು. ಒಬ್ಬನ ಹಟವೆಂದು ಅಂದು ತೋರಿದುದು ಹೀಗೆ ಎಲ್ಲರ ಭಾಗ್ಯವಾಯಿತು.

ನಮ್ಮ ಊರಿನ ಗುಡ್ಡದ ಮೇಲೂ ಪ್ರತಿದಿನ ಬೆಳಕು ಬದಲಾಗುತ್ತದೆ. ಕೆರೆಯ ನೀರಿನಲ್ಲಿ ಮೋಡಗಳು ತೇಲುತ್ತವೆ. ನಿತ್ಯವೂ ಕಾಣುವ ಇವುಗಳನ್ನು ನಾವು ನಿಜವಾಗಿ ನೋಡುವುದು ಅಪರೂಪ. ನೋಡುವುದೂ ಒಂದು ಸಾಧನೆ ಎಂಬುದನ್ನು ವೆಂಕಟಪ್ಪನವರ ಬಾಳು ನಮಗೆ ತಿಳಿಸಿಕೊಡುತ್ತದೆ.