ಶ್ರೀಕೃಷ್ಣದೇವರಾಯ: ನಮ್ಮ ಸೀಮೆಯನ್ನು ಆಳಿದ ಬಗೆ



ತುಮಕೂರಿನ ಹತ್ತಿರದ ಹೊನ್ನೇನಹಳ್ಳಿಯ ಗೋಪಾಲಕೃಷ್ಣ ದೇವಸ್ಥಾನದ ಬಳಿ ಸಿಕ್ಕ ಒಂದು ಕನ್ನಡ ಶಾಸನ 2021ರಲ್ಲಿ ಸುದ್ದಿಯಾಗಿತ್ತು. ಶ್ರೀಕೃಷ್ಣದೇವರಾಯ ತೀರಿಕೊಂಡ ದಿನ ಆ ಕಲ್ಲಿನಲ್ಲಿದೆ: 1529ರ ಅಕ್ಟೋಬರ್ 17, ಭಾನುವಾರ, ಚಂದ್ರಗ್ರಹಣದ ದಿನ. ಪಟ್ಟಕ್ಕೆ ಬಂದದ್ದನ್ನು, ದಾನ ಕೊಟ್ಟದ್ದನ್ನು ಹೇಳುವ ಶಾಸನಗಳು ಬಹಳ. ದೊರೆಯ ಸಾವನ್ನು ಹೇಳುವವು ಅಪರೂಪ. ಮಡಕಶಿರದಿಂದ ಹೆಚ್ಚು ದೂರವಿಲ್ಲದ ಊರಿನ ಈ ಕಲ್ಲಿನ ನೆಪದಲ್ಲಿ ಆ ದೊರೆಯನ್ನು ನೆನೆಯೋಣ.

ಕೃಷ್ಣದೇವರಾಯ ತುಳುವ ನರಸನಾಯಕ ಮತ್ತು ನಾಗಲಾಂಬಿಕೆಯ ಮಗ. ಅಣ್ಣ ವೀರನರಸಿಂಹನ ನಂತರ 1509ರಲ್ಲಿ ವಿಜಯನಗರದ ಅಧಿಕಾರ ಅವನ ಕೈಗೆ ಬಂತು. ಪಟ್ಟಾಭಿಷೇಕದ ಸಂದರ್ಭದ 1510ರ ಶಾಸನ ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಇಂದಿಗೂ ಇದೆ. ವಿಶೇಷವೆಂದರೆ, ಅದೇ 1509ರಲ್ಲಿ ಇಂಗ್ಲೆಂಡಿನಲ್ಲಿ ಟ್ಯೂಡರ್ ಮನೆತನದ ಎಂಟನೆಯ ಹೆನ್ರಿ 17ರ ಹರೆಯದಲ್ಲಿ ಸಿಂಹಾಸನವೇರಿದ. ಒಬ್ಬರ ಹೆಸರು ಇನ್ನೊಬ್ಬರು ಕೇಳಿರಲಿಕ್ಕಿಲ್ಲ. ಆದರೆ ಇಬ್ಬರಿಗೂ ಎದುರಾದ ಪ್ರಶ್ನೆ ಒಂದೇ: ಬಲಿಷ್ಠರಾದ ಪಾಳೆಯಗಾರರನ್ನು ಹಿಡಿತದಲ್ಲಿಡುವುದು ಹೇಗೆ, ತನ್ನ ನಂತರ ಯಾರು?

ಮೊದಲ ಪರೀಕ್ಷೆ ನಮ್ಮ ಸೀಮೆಗೆ ಸಂಬಂಧಿಸಿದ್ದೇ. ಉಮ್ಮತ್ತೂರಿನ ಗಂಗರಾಜ ತನ್ನನ್ನು ಪೆನುಕೊಂಡದ ಒಡೆಯನೆಂದು ಕರೆದುಕೊಂಡು ತಿರುಗಿಬಿದ್ದಿದ್ದ. ರಾಯ ಕಾವೇರಿಯ ನಡುವಿನ ಶಿವನಸಮುದ್ರದ ಕೋಟೆಯನ್ನು ಹಿಡಿದು ಅವನನ್ನು ಅಡಗಿಸಿದ. ಆಮೇಲೆ ಉದಯಗಿರಿ, 1515ರಲ್ಲಿ ಕೊಂಡವೀಡು, 1520ರಲ್ಲಿ ರಾಯಚೂರು. ಗೆದ್ದ ಕೀರ್ತಿ ಎಲ್ಲರಿಗೂ ಗೊತ್ತು. ಗೆದ್ದ ನಾಡನ್ನು ನಡೆಸಿದ ಬಗೆ ಅಷ್ಟಾಗಿ ಗೊತ್ತಿಲ್ಲ.

ನಾಡನ್ನು ನಾಯಕರಿಗೆ ಹಂಚಿಕೊಡಲಾಗಿತ್ತು. ಇದನ್ನು ಅಮರನಾಯಕ ಪದ್ಧತಿ ಎನ್ನುತ್ತಾರೆ. ನಾಯಕ ತನ್ನ ಸೀಮೆಯ ಕಂದಾಯ ಎತ್ತಬೇಕು, ಗೊತ್ತುಮಾಡಿದಷ್ಟು ಕುದುರೆ, ಕಾಲಾಳುಗಳನ್ನು ಸಾಕಬೇಕು, ಅರಮನೆಯ ಪಾಲನ್ನು ತಪ್ಪದೆ ಸಲ್ಲಿಸಬೇಕು. ಮಹಾನವಮಿಗೆ ನಾಯಕರೆಲ್ಲ ರಾಜಧಾನಿಗೆ ಬರುತ್ತಿದ್ದರು. ಹಬ್ಬದ ವೈಭವದ ಹಿಂದೆ ಲೆಕ್ಕ ಒಪ್ಪಿಸುವ ಕೆಲಸವೂ ಇತ್ತು. ಕೆಳಗೆ ಊರಿನ ಮಟ್ಟದಲ್ಲಿ ಗೌಡ, ಕರಣಿಕ, ತಳವಾರ, ನೀರುಗಂಟಿ ಮೊದಲಾದ ಆಯಗಾರರು ಮಾನ್ಯದ ಭೂಮಿ ಪಡೆದು ಊರ ವ್ಯವಹಾರ ನೋಡಿಕೊಳ್ಳುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಹಿರಿಯರು ಈ ಹೆಸರುಗಳನ್ನು ಇನ್ನೂ ಮರೆತಿಲ್ಲ.

ಮಳೆ ಕಡಿಮೆಯಾದ ಈ ನಾಡಿನಲ್ಲಿ ಆಡಳಿತ ಎಂದರೆ ಮೊದಲು ನೀರು. ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬಂದಾಗ ಈಗಿನ ಹೊಸಪೇಟೆಯ ಬಳಿ ದೊಡ್ಡ ಕೆರೆಯ ಕೆಲಸ ನಡೆದಿತ್ತು. 15ರಿಂದ 20 ಸಾವಿರ ಜನ ದುಡಿಯುತ್ತಿದ್ದರೆಂದು ಅವನ ಅಂದಾಜು. ಏರಿ ಮತ್ತೆಮತ್ತೆ ಒಡೆದರೂ ರಾಯ ಕೈಬಿಡಲಿಲ್ಲ. ಆ ನೀರಿನಲ್ಲಿ ಸಾಗುವಳಿ ಮಾಡಿದವರಿಗೆ 9 ವರ್ಷ ಕಂದಾಯ ಬಿಟ್ಟುಕೊಟ್ಟನೆಂದು ಇನ್ನೊಬ್ಬ ಪೋರ್ಚುಗೀಸ್ ನೂನಿಜ್ ದಾಖಲಿಸಿದ್ದಾನೆ. ಮದುವೆಯ ಮೇಲಿನ ಸುಂಕವನ್ನು ತೆಗೆದುಹಾಕಿದ ಹೆಸರೂ ಈ ದೊರೆಗಿದೆ. ತೆಲುಗಿನಲ್ಲಿ ತಾನೇ ಬರೆದ ಆಮುಕ್ತಮಾಲ್ಯದದಲ್ಲಿ ರಾಜನೀತಿಗೆ ಜಾಗ ಕೊಟ್ಟು, ಕೆರೆ ಕಾಲುವೆ ಕಟ್ಟಿಸಿ ಬಡ ರೈತನ ತೆರಿಗೆ ಇಳಿಸಿದರೆ ಬೊಕ್ಕಸವೂ ಬೆಳೆಯುತ್ತದೆ ಎಂಬ ತಿಳಿವಳಿಕೆಯನ್ನು ಹೇಳಿದ. ಕನ್ನಡದಲ್ಲಿ ತಿಮ್ಮಣ್ಣ ಕವಿ ಕುಮಾರವ್ಯಾಸನ ಭಾರತವನ್ನು ಪೂರ್ತಿಗೊಳಿಸಿದ್ದು ಇದೇ ರಾಯನ ಆಶ್ರಯದಲ್ಲಿ. ಅವನ ಶಾಸನಗಳು ಕನ್ನಡ, ತೆಲುಗು, ತಮಿಳು, ಸಂಸ್ಕೃತಗಳಲ್ಲಿವೆ. ಕನ್ನಡ ರಾಜ್ಯ ರಮಾರಮಣ ಎಂಬ ಬಿರುದು ಹೊತ್ತವನು ತೆಲುಗಿನಲ್ಲಿ ಕಾವ್ಯ ಬರೆದ. ಎರಡು ಭಾಷೆಯ ನಡುವೆ ಬದುಕುವ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಇಷ್ಟೆಲ್ಲ ಕಟ್ಟಿದವನು ಸೋತದ್ದು ತನ್ನ ಮನೆಯೊಳಗೆ. ಅವನನ್ನು ಪಟ್ಟಕ್ಕೆ ತಂದವನು ಮಂತ್ರಿ ಸಾಳುವ ತಿಮ್ಮರಸು. ರಾಯ ಅವನನ್ನು ಅಪ್ಪಾಜಿ ಎನ್ನುತ್ತಿದ್ದನೆಂದು ಪ್ರತೀತಿ. ಗೆದ್ದ ಕೊಂಡವೀಡಿನ ಆಡಳಿತವೂ ತಿಮ್ಮರಸುವಿನ ಮನೆಯವರ ಕೈಯಲ್ಲಿತ್ತು. 1524ರ ಸುಮಾರಿಗೆ ರಾಯ ತನ್ನ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದ. ಕೆಲವೇ ತಿಂಗಳಲ್ಲಿ ಮಗು ತೀರಿಹೋಯಿತು. ವಿಷ ಹಾಕಿಸಿದರೆಂಬ ಸಂಶಯ ತಿಮ್ಮರಸುವಿನ ಮನೆಯ ಮೇಲೆ ಬಿತ್ತು. ನೂನಿಜ್ ಬರೆದಿರುವಂತೆ, ಮಂತ್ರಿಯನ್ನೂ ಅವನ ಮಕ್ಕಳನ್ನೂ ಸೆರೆಗೆ ಹಾಕಿ, ಕೊನೆಗೆ ಕಣ್ಣು ಕೀಳಿಸಿದರು. ತಿಮ್ಮರಸುವಿನದೆಂದು ಜನ ತೋರಿಸುವ ಸಮಾಧಿ ಪೆನುಕೊಂಡದಲ್ಲಿದೆ.

ಹೆನ್ರಿಯೂ ತನ್ನ ಹಿರಿಯ ಮಂತ್ರಿ ವೂಲ್ಸಿಯನ್ನು ಅಧಿಕಾರದಿಂದ ಕೆಳಗಿಳಿಸಿದ್ದು ರಾಯ ತೀರಿಕೊಂಡ 1529ರಲ್ಲೇ. ಮುಂದೆ ಇನ್ನೊಬ್ಬ ಮಂತ್ರಿ ಕ್ರಾಮ್‌ವೆಲ್‌ನ ತಲೆ ತೆಗೆಸಿದ. ಕೋಪ, ಸಂಶಯಗಳಲ್ಲಿ ಇಬ್ಬರಲ್ಲಿ ಯಾರೂ ಕಡಿಮೆಯಲ್ಲ. ವ್ಯತ್ಯಾಸ ಇರುವುದು ಬೇರೆಡೆ. ಹೆನ್ರಿ ತನ್ನ ನಂತರ ಯಾರೆಂಬುದನ್ನು ಪಾರ್ಲಿಮೆಂಟಿನ ಕಾನೂನಿನಲ್ಲಿ ಬರೆಸಿದ್ದ. 1547ರಲ್ಲಿ ಒಂಬತ್ತು ವರ್ಷದ ಮಗ ಎಡ್ವರ್ಡ್ ದೊರೆಯಾದ. ರಾಯನಿಗೆ ಅಂಥ ಆಸರೆ ಇರಲಿಲ್ಲ. ಉಳಿದಿದ್ದ ಮಗನಿಗೆ ಒಂದೂವರೆ ವರ್ಷ. ಮಲತಮ್ಮ ಅಚ್ಯುತರಾಯನೇ ಮುಂದಿನ ದೊರೆಯೆಂದು ಹೇಳಿಹೋದರೂ ಅಳಿಯ ರಾಮರಾಯ ಸುಮ್ಮನಿರಲಿಲ್ಲ. ಒಳಜಗಳ ಅಲ್ಲಿಂದ ಬೆಳೆಯಿತು. 1565ರ ಸೋಲಿನ ನಂತರ ರಾಜಧಾನಿ ಹಂಪಿ ಬಿಟ್ಟು ಪೆನುಕೊಂಡಕ್ಕೆ ಬಂತು.

ನಾಯಕರ ಕಥೆಯೂ ಹಾಗೆಯೇ. ರಾಯದುರ್ಗದ ಬೆಟ್ಟಕ್ಕೆ ಭೂಪತಿರಾಯನ ಕೊಂಡ ಎಂಬ ಹಳೆಯ ಹೆಸರಿದೆ. ಬೇಡರನ್ನು ಅಡಗಿಸಲು ವಿಜಯನಗರ ಕಳಿಸಿದ ಅಧಿಕಾರಿ ತಾನೇ ಅಲ್ಲಿನ ಒಡೆಯನಾದನೆಂಬ ಐತಿಹ್ಯ ಅದರ ಹಿಂದಿದೆ. ನಾಯಕನನ್ನು ಹಿಡಿದಿಟ್ಟದ್ದು ದೊರೆಯ ಕೈ. ಆ ಕೈ ಸಡಿಲವಾದಾಗ ಸೀಮೆ ನಾಯಕನದಾಯಿತು. ಒಬ್ಬ ಸಮರ್ಥನನ್ನೇ ನಂಬಿ ನಿಂತ ವ್ಯವಸ್ಥೆ, ಆ ಸಮರ್ಥ ಹೋದ ಮೇಲೆ ನಿಲ್ಲುವುದು ಕಷ್ಟ. ರಾಜ್ಯಕ್ಕೆ ಮಾತ್ರವಲ್ಲ, ಸಣ್ಣ ಸಂಘಕ್ಕೂ ಈ ಮಾತು ಸಲ್ಲುತ್ತದೆ.

ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಗುಡಿಯ ಅಂಗಳದಲ್ಲೋ ಕೆರೆ ಏರಿಯ ಮೇಲೋ ಅಕ್ಷರವಿರುವ ಕಲ್ಲಿದ್ದರೆ ಸುಣ್ಣ ಬಳಿಯಲು, ಒಡೆದು ಪಾಯಕ್ಕೆ ಹಾಕಲು ಬಿಡಬೇಡಿ. ಫೋಟೋ ತೆಗೆದು ಸಂಘಕ್ಕೆ ಕಳಿಸಿಕೊಡಿ. ರಾಯನ ಕೊನೆಯ ದಿನವನ್ನು ಉಳಿಸಿಕೊಟ್ಟದ್ದು ಅಂಥದೇ ಒಂದು ಹಳ್ಳಿಯ ಕಲ್ಲು.