ಸರಿಗಮ ಕಲಿಯದ ಕಿಶೋರ್ ಕುಮಾರ್



ಹೋದ ವರ್ಷ ನಾನು ಒಂದು ಹಾಡಿನ ಸ್ಪರ್ಧೆಗೆ ಹೋಗಿದ್ದೆ. ನಿನ್ನ ಶ್ರುತಿ ಎಷ್ಟು, ಇದು ಯಾವ ತಾಳ ಅಂತ ಕೇಳಿದರು. ಎರಡೂ ಗೊತ್ತಿರಲಿಲ್ಲ. ಬೆಪ್ಪಾಗಿ ನಿಂತೆ. ಸಂಗೀತ ಕಲಿತು ಬಾ ಅಂತ ಕಳಿಸಿಬಿಟ್ಟರು. ನಮ್ಮೂರಲ್ಲಿ ಕಲಿಸೋರು ಯಾರಿದ್ದಾರೆ? ಅದಕ್ಕೇ ಕಿಶೋರ್ ಕುಮಾರ್ ಬಗ್ಗೆ ಬರೆಯುತ್ತಿದ್ದೇನೆ.

ಇವರು 1929ನೇ ಇಸವಿ ಆಗಸ್ಟ್ 4ರಂದು ಈಗಿನ ಮಧ್ಯಪ್ರದೇಶದ ಖಂಡ್ವಾದಲ್ಲಿ ಜನಿಸಿದರು. ನಿಜವಾದ ಹೆಸರು ಆಭಾಸ್ ಕುಮಾರ್ ಗಂಗೂಲಿ. ತಂದೆ ವಕೀಲರು. ನಟ ಅಶೋಕ್ ಕುಮಾರ್ ಇವರ ದೊಡ್ಡಣ್ಣ. ಚಿಕ್ಕಂದಿನಲ್ಲಿ ಇವರ ದನಿ ಒಡಕಾಗಿತ್ತಂತೆ. ಒಮ್ಮೆ ಕಾಲಿಗೆ ಈಳಿಗೆ ತಗುಲಿ ದಿನಗಟ್ಟಲೆ ಅತ್ತೂ ಅತ್ತೂ ದನಿ ತಿಳಿಯಾಯಿತು ಎಂದು ಅಶೋಕ್ ಕುಮಾರ್ ಅವರೇ ಹೇಳುತ್ತಿದ್ದರು. (ಯಾರೂ ಇದನ್ನು ಮಾಡಿ ನೋಡಬೇಡಿ!)

ಗುರುಗಳ ಮುಂದೆ ಕೂತು ಇವರು ಸರಿಗಮ ಕಲಿಯಲಿಲ್ಲ. ಕೆ. ಎಲ್. ಸೈಗಲ್ ಹಾಡುಗಳನ್ನು ಕೇಳಿ ಕೇಳಿ ಅವರ ಹಾಗೇ ಹಾಡುತ್ತಿದ್ದರು. 1948ರಲ್ಲಿ ‘ಜಿದ್ದಿ’ ಚಿತ್ರಕ್ಕೆ ಖೇಮ್‌ಚಂದ್ ಪ್ರಕಾಶ್ ಹಾಡಿಸಿದಾಗಲೂ ಸೈಗಲ್ ದನಿಯೇ. ಅನುಕರಣೆ ಬಿಟ್ಟು ಸ್ವಂತ ದನಿಯಲ್ಲಿ ಹಾಡಬೇಕೆಂದು ಎಸ್. ಡಿ. ಬರ್ಮನ್ ಬುದ್ಧಿ ಹೇಳಿದರು. ವಿದೇಶಿ ರೆಕಾರ್ಡು ಕೇಳಿ ಯೋಡ್ಲಿಂಗ್ ಕಲಿತರು. ಅಂದರೆ ಎದೆಯ ದಪ್ಪ ದನಿಯಿಂದ ತೆಳ್ಳನೆಯ ಮೇಲಿನ ದನಿಗೆ ಪಟ್ಟನೆ ಹಾರಿ ಮತ್ತೆ ಇಳಿಯೋದು. ನಾನು ಹೊಲದಲ್ಲಿ ಮಾಡಿ ನೋಡಿದೆ, ನಮ್ಮ ಎಮ್ಮೆ ಬೆದರಿ ಓಡಿತು.

1954ರ ‘ನೌಕರಿ’ ಚಿತ್ರಕ್ಕೆ ಹೀರೋ ಇವರೇ. ಆದರೂ ಸಂಗೀತ ಕಲಿತಿಲ್ಲ ಅಂತ ಸಲಿಲ್ ಚೌಧರಿ ಹಾಡಿಸಲು ಒಪ್ಪಲಿಲ್ಲ. ಇದನ್ನು ಓದಿದಾಗ ನನಗೆ ನನ್ನ ಸ್ಪರ್ಧೆಯೇ ನೆನಪಾಯಿತು. ಆದರೆ ಇವರು ನನ್ನ ಹಾಗೆ ಮನೆಗೆ ಬಂದು ಮುಸುಕು ಹಾಕಿಕೊಂಡು ಮಲಗಲಿಲ್ಲ. ಬಿಡದೆ ಕಾಡಿ ಬೇಡಿ ಹಾಡಿಯೇಬಿಟ್ಟರು. ಮುಂದೆ 1971ರಲ್ಲಿ ‘ಮೇರೆ ಅಪ್ನೆ’ ಚಿತ್ರಕ್ಕೆ ಅದೇ ಸಲಿಲ್ ಚೌಧರಿ ಇವರಿಂದ ಹಾಡಿಸಿದರು.

1976ರ ‘ಮೆಹಬೂಬಾ’ ಚಿತ್ರದಲ್ಲಿ ಶಿವರಂಜನಿ ರಾಗದ ಒಂದು ಹಾಡಿದೆ. ಕಷ್ಟದ ಹಾಡು. ಇವರು ಮೊದಲು ಲತಾ ಮಂಗೇಶ್ಕರ್ ಅವರಿಂದ ಹಾಡಿಸಲು ಹೇಳಿ, ಅದನ್ನು ಮತ್ತೆ ಮತ್ತೆ ಕೇಳಿ ಬಾಯಿಪಾಠ ಮಾಡಿ ಹಾಡಿದರಂತೆ. ರಾಗದ ಲಕ್ಷಣ ಗೊತ್ತಿಲ್ಲದಿದ್ದರೂ ಕಿವಿಗೆ ಗೊತ್ತಿತ್ತು.

ಕನ್ನಡದಲ್ಲೂ ಹಾಡಿದ್ದಾರೆ. 1972ರ ‘ಕುಳ್ಳ ಏಜೆಂಟ್ 000’ ಚಿತ್ರದ ‘ಆಡು ಆಟ ಆಡು’ ಇವರದೇ. ಸಂಗೀತ ರಾಜನ್-ನಾಗೇಂದ್ರ. ನಮ್ಮ ಜಾತ್ರೆಯಲ್ಲಿ ಮೈಕಿನಲ್ಲಿ ಹಾಕ್ತಾರಲ್ಲ, ಅದೇ! ಫಿಲಂಫೇರ್ ಗಾಯಕ ಪ್ರಶಸ್ತಿ 8 ಸಲ ಬಂತು. 1987 ಅಕ್ಟೋಬರ್ 13ರಂದು ಮುಂಬಯಿಯಲ್ಲಿ ತೀರಿಕೊಂಡರು. ಖಂಡ್ವಾದಲ್ಲೇ ಅಂತ್ಯಕ್ರಿಯೆ ನಡೆಯಿತು.

ಆ ಶಿವರಂಜನಿ ಹಾಡನ್ನು ನಾನೂ ದಿನಾ ಕೇಳುತ್ತಿದ್ದೇನೆ. ಎರಡು ಸಾಲು ಬಂದಿದೆ. ನನ್ನ ಶ್ರುತಿ ಎಷ್ಟು ಅಂತ ಭಜನೆ ಮನೆಯ ಹಾರ್ಮೋನಿಯಂ ತಾತನನ್ನು ಶನಿವಾರ ಕೇಳಬೇಕು.