ವಿದುಷಿ ಇರಾವತೀ ಕರ್ವೆ

ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿಯಲ್ಲಿ ಸಾಗಿದರೆ ಘೋಡ್ ನದಿಯ ದಡದಲ್ಲಿ ಶಿರೂರು ಎಂಬ ಪಟ್ಟಣವು ಸಿಗುತ್ತದೆ. ಇದೇ ಹೆಸರಿನ ಊರುಗಳು ಕರ್ನಾಟಕದ ಉಡುಪಿ, ಉತ್ತರ ಕನ್ನಡ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಇವೆ. ದೂರದೂರದ ಊರುಗಳು ಒಂದೇ ಹೆಸರನ್ನು ಹೊತ್ತಿರುವುದನ್ನು ಕಂಡಾಗ ಅವುಗಳ ನಡುವೆ ಏನಾದರೂ ನೆಂಟತನವಿದ್ದೀತೇ ಎಂಬ ಕುತೂಹಲವು ನಮ್ಮಲ್ಲಿ ಹುಟ್ಟುವುದು ಸಹಜ. ಊರುಗಳ ವಿಷಯದಲ್ಲಿಯೇ ಹೀಗಿರುವಾಗ, ಮನುಷ್ಯರ ವಿಷಯದಲ್ಲಿ ಹೇಳತಕ್ಕದ್ದೇನು? ನಮ್ಮ ಹಿರಿಯರು ಯಾರು, ಎಲ್ಲಿಂದ ಬಂದರು, ನಾವು ಯಾರಿಗೆ ಬಂಧುಗಳು ಎಂಬ ಪ್ರಶ್ನೆಗಳನ್ನು ಕೇಳದ ಜನಾಂಗವಿಲ್ಲ. ಈ ಪ್ರಶ್ನೆಗಳಿಗೆ ತಮ್ಮ ಇಡೀ ಬಾಳನ್ನು ಮುಡಿಪಾಗಿಟ್ಟ ವಿದುಷಿ ಡಾ. ಇರಾವತೀ ಕರ್ವೆಯವರು. ಪುಣೆಯನ್ನೇ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡಿದ್ದ ಇವರ ಜೀವನವನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಅರಿಯಬೇಕು.

ಇರಾವತಿಯವರು ಜನಿಸಿದುದು ೧೯೦೫ನೆಯ ಡಿಸೆಂಬರ್ ೧೫ರಂದು, ಬರ್ಮಾ ದೇಶದ ಮಿಂಗ್ಯಾನ್ ಎಂಬಲ್ಲಿ. ತಂದೆ ಗಣೇಶ ಹರಿ ಕರ್ಮಾರ್ಕರ್ ಅವರು ಅಲ್ಲಿಯ ಹತ್ತಿಯ ಕಂಪನಿಯೊಂದರಲ್ಲಿ ಉದ್ಯೋಗದಲ್ಲಿದ್ದರು. ಆ ನಾಡಿನ ಮಹಾನದಿಯ ಹೆಸರನ್ನೇ ಮಗಳಿಗೆ ಇಟ್ಟರು. ಏಳನೆಯ ವಯಸ್ಸಿನಲ್ಲಿ ಬಾಲಕಿಯನ್ನು ವಿದ್ಯಾಭ್ಯಾಸಕ್ಕಾಗಿ ಪುಣೆಯ ಹುಜೂರಪಾಗಾ ಹೆಣ್ಣುಮಕ್ಕಳ ಶಾಲೆಗೆ ಕಳುಹಿಸಿದರು. ಅಲ್ಲಿ ಅವರಿಗೆ ಗಣಿತಜ್ಞ ರ್‍ಯಾಂಗ್ಲರ್ ಪರಾಂಜಪೆಯವರ ಮನೆಯ ಆಶ್ರಯವು ದೊರೆಯಿತು. ಪುಸ್ತಕಗಳಿಂದ ತುಂಬಿದ ಆ ಮನೆಯಲ್ಲಿ ಅವರ ಬುದ್ಧಿಯು ವಿಕಾಸ ಹೊಂದಿತು. ೧೯೨೬ರಲ್ಲಿ ಫರ್ಗ್ಯುಸನ್ ಕಾಲೇಜಿನಿಂದ ತತ್ತ್ವಶಾಸ್ತ್ರದಲ್ಲಿ ಪದವಿಯನ್ನು ಪಡೆದು, ಮುಂಬಯಿಯಲ್ಲಿ ಪ್ರಸಿದ್ಧ ಸಮಾಜಶಾಸ್ತ್ರಜ್ಞ ಘುರ್ಯೆಯವರ ಶಿಷ್ಯೆಯಾದರು. ತಾವು ಹುಟ್ಟಿದ ಚಿತ್ಪಾವನ ಪಂಗಡವನ್ನೇ ವಿಷಯವಾಗಿ ಆರಿಸಿಕೊಂಡು ಪ್ರಬಂಧವನ್ನು ಬರೆದು, ೧೯೨೮ರಲ್ಲಿ ಎಂ.ಎ. ಪದವಿಯನ್ನು ಗಳಿಸಿದರು. ಇಷ್ಟರಲ್ಲಿ ಅವರು ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಮಗ, ರಸಾಯನಶಾಸ್ತ್ರಜ್ಞ ದಿನಕರ ಕರ್ವೆಯವರ ಪತ್ನಿಯಾಗಿದ್ದರು.

ಅದೇ ವರ್ಷದ ನವೆಂಬರಿನಲ್ಲಿ ಇರಾವತಿಯವರು ಹೆಚ್ಚಿನ ವ್ಯಾಸಂಗಕ್ಕೆಂದು ಜರ್ಮನಿಗೆ ಹೊರಟರು. ಸ್ತ್ರೀಶಿಕ್ಷಣಕ್ಕಾಗಿ ದುಡಿದ ಮಾವನವರಿಗೇ ಈ ಪ್ರಯಾಣವು ಒಪ್ಪಿಗೆಯಾಗಲಿಲ್ಲ. ಪತಿ ದಿನಕರರು ಮಾತ್ರ ಬೆಂಬಲವಾಗಿ ನಿಂತರು. ಬರ್ಲಿನಿನ ಕೈಸರ್ ವಿಲ್‌ಹೆಲ್ಮ್ ಸಂಸ್ಥೆಯಲ್ಲಿ ಆಯ್ಗೆನ್ ಫಿಷರ್ ಎಂಬ ಪಂಡಿತರು ಅವರಿಗೆ ಮಾರ್ಗದರ್ಶಕರಾದರು. ಬಿಳಿಯ ಜನರ ತಲೆಬುರುಡೆಯ ಎಡಬಲಗಳಲ್ಲಿ ವ್ಯತ್ಯಾಸವು ಹೆಚ್ಚಾಗಿದೆ, ಅದು ಅವರ ಬುದ್ಧಿಯ ಮೇಲ್ಮೆಯ ಕುರುಹು ಎಂಬುದು ಫಿಷರರ ಊಹೆ. ಇದನ್ನು ಪರೀಕ್ಷಿಸುವ ಕೆಲಸವು ಇರಾವತಿಯವರ ಪಾಲಿಗೆ ಬಂದಿತು. ಅವರು ೧೪೯ ತಲೆಬುರುಡೆಗಳನ್ನು ಒಂದೊಂದಾಗಿ ಅಳೆದರು. ಗುರುವಿನ ಊಹೆಗೆ ಆಧಾರವು ದೊರೆಯಲಿಲ್ಲ. ಆ ವ್ಯತ್ಯಾಸವು ಎಲ್ಲ ಜನಾಂಗಗಳ ಬುರುಡೆಗಳಲ್ಲಿಯೂ ಇತ್ತು. ಅದಕ್ಕೂ ಬಣ್ಣಕ್ಕೂ ಸಂಬಂಧವಿರಲಿಲ್ಲ.

ವಿದ್ಯಾರ್ಥಿಗಳೇ, ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಪರದೇಶ, ಸಾಲ ಮಾಡಿ ಬಂದ ತರುಣಿ, ಪದವಿಯನ್ನು ಕೊಡಬೇಕಾದವರು ಆ ಗುರುಗಳೇ. ಅವರಿಗೆ ಬೇಕಾದ ಉತ್ತರವನ್ನು ಬರೆದುಕೊಡುವುದು ಸುಲಭವಾಗಿತ್ತು. ಇರಾವತಿಯವರು ಹಾಗೆ ಮಾಡದೆ ತಾವು ಕಂಡುದನ್ನೇ ಬರೆದರು. ಡಾಕ್ಟರ್ ಪದವಿಯನ್ನೂ ಪಡೆದರು. ಕೆಲವೇ ವರ್ಷಗಳಲ್ಲಿ ಜರ್ಮನಿಯ ಆಳ್ವಿಕೆಯು ನಾಜಿಗಳ ಕೈಸೇರಿತು. ಅಜ್ಜಅಜ್ಜಿಯರು ಯಾವ ಕುಲದವರೆಂದು ದಾಖಲೆಗಳಲ್ಲಿ ಹುಡುಕಿ, ಆ ಆಧಾರದ ಮೇಲೆಯೇ ಜನರ ಹಕ್ಕನ್ನೂ ಕೊನೆಗೆ ಪ್ರಾಣವನ್ನೂ ಕಿತ್ತುಕೊಂಡ ಘೋರಕೃತ್ಯವು ಅಲ್ಲಿ ನಡೆಯಿತು. ವಂಶಾವಳಿಯ ಶೋಧವು ದುರುಳರ ಕೈಗೆ ಸಿಕ್ಕಿದರೆ ಏನಾಗುವುದೆಂಬುದಕ್ಕೆ ಇತಿಹಾಸದಲ್ಲಿ ಇದಕ್ಕಿಂತ ಕಠೋರವಾದ ಉದಾಹರಣೆ ಬೇಕಿಲ್ಲ.

ಸ್ವದೇಶಕ್ಕೆ ಮರಳಿದ ಮೇಲೆ ಕೆಲವು ಕಾಲ ಮುಂಬಯಿಯ ಮಹಿಳಾ ವಿದ್ಯಾಪೀಠದ ಆಡಳಿತದಲ್ಲಿದ್ದು, ೧೯೩೯ರಲ್ಲಿ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. ಮುಂದಿನ ಮೂರು ದಶಕಗಳ ಸಾಧನೆಯೆಲ್ಲವೂ ಅಲ್ಲಿಯದೇ. ಅಳತೆಯ ಉಪಕರಣಗಳನ್ನು ಹಿಡಿದು ಹಳ್ಳಿಹಳ್ಳಿಗಳನ್ನು ಅಲೆದರು. ಕುಟುಂಬಗಳಲ್ಲಿ ಕುಳಿತು ಹೆಣ್ಣು ಯಾವ ಮನೆಯಿಂದ ಬಂದಳು, ಯಾವ ಮನೆಗೆ ಹೋದಳು ಎಂಬುದನ್ನು ಕೇಳಿ ಬರೆದುಕೊಂಡರು. ಪುಣೆಯ ಬೀದಿಗಳಲ್ಲಿ ಸ್ಕೂಟರ್ ಓಡಿಸಿದ ಮೊದಲ ಮಹಿಳೆಯೆಂದೂ ಅವರು ಹೆಸರಾಗಿದ್ದಾರೆ.

ಈ ಶ್ರಮದ ಫಲವಾಗಿ ೧೯೫೩ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತ ಅವರ ಮಹಾಗ್ರಂಥವು ಪ್ರಕಟವಾಯಿತು. ಇದರಲ್ಲಿ ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯಗಳಾಗಿ ವಿಂಗಡಿಸಿದ್ದಾರೆ. ಕರ್ನಾಟಕವು ದಕ್ಷಿಣ ವಲಯಕ್ಕೆ ಸೇರಿದರೆ, ಮಹಾರಾಷ್ಟ್ರವು ಉತ್ತರದಕ್ಷಿಣಗಳು ಕೂಡುವ ಮಧ್ಯವಲಯಕ್ಕೆ ಸೇರುತ್ತದೆ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡುವ ನಮ್ಮ ಮಕ್ಕಳಿಗೆ ಇದು ಬಹಳ ಸ್ವಾರಸ್ಯದ ವಿಷಯ. ಕನ್ನಡದಲ್ಲಿ ತಂದೆಯ ಸೋದರಿಯೂ ಅತ್ತೆ, ಗಂಡನ ಅಥವಾ ಹೆಂಡತಿಯ ತಾಯಿಯೂ ಅತ್ತೆ. ತಾಯಿಯ ಸೋದರನೂ ಮಾವ, ಗಂಡನ ಅಥವಾ ಹೆಂಡತಿಯ ತಂದೆಯೂ ಮಾವ. ಮರಾಠಿಯಲ್ಲಾದರೋ ಆತ್ಯಾ ಬೇರೆ, ಸಾಸೂ ಬೇರೆ. ಮಾಮಾ ಬೇರೆ, ಸಾಸರಾ ಬೇರೆ. ಕನ್ನಡದ ಅನೇಕ ಮನೆತನಗಳಲ್ಲಿ ಸೋದರತ್ತೆಯ ಮನೆಗೂ ಸೋದರಮಾವನ ಮನೆಗೂ ಹೆಣ್ಣನ್ನು ಕೊಟ್ಟು ತರುವ ರೂಢಿಯು ಬಹುಕಾಲದಿಂದ ಇದ್ದುದರಿಂದ, ಎರಡು ಸಂಬಂಧಗಳಿಗೂ ಒಂದೇ ಹೆಸರು ಸಾಕಾಯಿತು. ಹಾಗೆಯೇ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ನಮಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರೊಡನೆ ವಿವಾಹವಿಲ್ಲ. ಹೀಗೆ ನಾವು ದಿನವೂ ಕೂಗುವ ಸಂಬೋಧನೆಗಳಲ್ಲಿಯೇ ಪೂರ್ವಿಕರ ನಡೆವಳಿಕೆಯ ಚರಿತ್ರೆಯು ಅಡಗಿದೆ ಎಂಬುದನ್ನು ಬಂಧುತ್ವದ ಶಾಸ್ತ್ರವು ತಿಳಿಸಿಕೊಡುತ್ತದೆ.

ವಂಶದ ಚರಿತ್ರೆಯನ್ನು ಕಾಪಾಡುವ ಜನರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. ಕರ್ನಾಟಕದಲ್ಲಿ ಹೆಳವರು ಊರೂರಿಗೆ ಬಂದು ಮನೆತನದ ತಲೆಮಾರುಗಳನ್ನು ಹೊಗಳಿ ಹಾಡಿ, ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು, ಕಾಳುಕಡಿಯನ್ನು ಕಾಣಿಕೆಯಾಗಿ ಪಡೆದು ಹೋಗುತ್ತಾರೆ. ನಾಸಿಕ ಮೊದಲಾದ ಕ್ಷೇತ್ರಗಳಲ್ಲಿ ತೀರ್ಥಪುರೋಹಿತರು ಯಾತ್ರಿಕರ ವಂಶಾವಳಿಯನ್ನು ವಹಿಗಳಲ್ಲಿ ಬರೆದಿಡುತ್ತಾರೆ. ಆದರೆ ಇಂಥ ದಾಖಲೆಗಳಲ್ಲಿ ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಇಳಿಯುವ ಸಾಲೇ ಪ್ರಧಾನ. ಇರಾವತಿಯವರು ನೋಡಿದುದು ಆ ಸಾಲಿನ ಆಚೆಗೂ ಹಬ್ಬಿದ ನೆಂಟಸ್ತಿಕೆಯ ಬಲೆಯನ್ನು.

ಜಾತಿಯೆಂಬುದು ವಿಸ್ತಾರವಾಗಿ ಬೆಳೆದ ಬಂಧುಗಳ ಗುಂಪು. ಒಂದೇ ಸಮಾಜವು ಒಡೆದು ಜಾತಿಗಳಾದುದಲ್ಲ, ಬೇರೆಬೇರೆ ಗುಂಪುಗಳು ನೆರೆಹೊರೆಯಾಗಿ ಬಂದು ಸೇರಿದುವು ಎಂಬುದು ಅವರ ಸಿದ್ಧಾಂತ. ಶಿಷ್ಯರಾದ ಕೈಲಾಸ ಮಲ್ಹೋತ್ರರೊಡನೆ ಮಹಾರಾಷ್ಟ್ರದ ಬ್ರಾಹ್ಮಣರ ಎಂಟು ಒಳಪಂಗಡಗಳನ್ನು ಪರೀಕ್ಷಿಸಿ, ೧೯೬೮ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಒಂದೇ ಹೆಸರು, ಒಂದೇ ಅಂತಸ್ತು ಇದ್ದರೂ ಅವರೆಲ್ಲರೂ ದೇಹಲಕ್ಷಣಗಳಲ್ಲಿ ಒಂದೇ ಆಗಿರಲಿಲ್ಲ. ಮನುಷ್ಯರ ದೇಹಗಳನ್ನು ಜಾತಿಜಾತಿಯಾಗಿ ಅಳೆಯುವ ಆ ಪದ್ಧತಿಗೆ ಇಂದಿನ ವಿದ್ವಾಂಸರಲ್ಲಿ ಹಲವರ ಆಕ್ಷೇಪವಿದೆ ಎಂಬುದನ್ನೂ ನಾವು ಮರೆಯಬಾರದು.

ಇರಾವತಿಯವರ ಜೀವಿತದ ಕೊನೆಯ ವರ್ಷಗಳಲ್ಲಿ, ೧೯೬೮ರಲ್ಲಿ, ಡೆಕ್ಕನ್ ಕಾಲೇಜಿನ ಸಾಂಕಲಿಯಾ ಮೊದಲಾದ ಪುರಾತತ್ತ್ವಜ್ಞರು ಶಿರೂರು ತಾಲ್ಲೂಕಿನ ಇನಾಮಗಾಂವದಲ್ಲಿ ಉತ್ಖನನವನ್ನು ಆರಂಭಿಸಿದರು. ಸಾಂಕಲಿಯಾ ಅವರೂ ಇರಾವತಿಯವರೂ ಹಿಂದೆ ಗುಜರಾತಿನ ಲಂಘ್ನಜದ ಪ್ರಾಚೀನ ಮಾನವರ ವಿಷಯದಲ್ಲಿ ಜೊತೆಯಾಗಿ ಕೆಲಸ ಮಾಡಿದ್ದರು. ೧೯೮೩ರವರೆಗೆ ನಡೆದ ಇನಾಮಗಾಂವದ ಉತ್ಖನನವು ಕ್ರಿಸ್ತಪೂರ್ವ ಸುಮಾರು ೧೬೦೦ರಿಂದ ೭೦೦ರವರೆಗಿನ ರೈತರ ಊರೊಂದನ್ನು ಬೆಳಕಿಗೆ ತಂದಿತು. ಘೋಡ್ ನದಿಯ ದಂಡೆಯ ಆ ಜನರು ಸತ್ತವರನ್ನು ಮನೆಯ ನೆಲದ ಕೆಳಗೇ ಹೂಳುತ್ತಿದ್ದರು. ಎಳೆಯ ಮಕ್ಕಳನ್ನು ಎರಡು ಮಡಕೆಗಳ ಬಾಯಿಗೆ ಬಾಯಿ ಸೇರಿಸಿ ಅದರೊಳಗೆ ಮಲಗಿಸುತ್ತಿದ್ದರು. ದೊಡ್ಡವರ ಪಾದಗಳನ್ನು ಕತ್ತರಿಸಿ ಹೂಳುವ ರೂಢಿಯೂ ಇತ್ತು. ಆ ಎಲುಬುಗಳನ್ನೂ ಹಲ್ಲುಗಳನ್ನೂ ಪರೀಕ್ಷಿಸಿ, ಅವರ ಆಹಾರ ಆರೋಗ್ಯಗಳ ವಿಷಯವಾಗಿ ವಿದ್ವಾಂಸರು ಬಹಳಷ್ಟನ್ನು ತಿಳಿದಿದ್ದಾರೆ.

ಇರಾವತಿಯವರ ಗ್ರಂಥವು ಹೊರಬಂದ ೧೯೫೩ರಲ್ಲಿಯೇ ಇಂಗ್ಲೆಂಡಿನಲ್ಲಿ ಡಿ.ಎನ್.ಎ. ಎಂಬ ಆನುವಂಶಿಕ ದ್ರವ್ಯದ ರಚನೆಯು ಪ್ರಕಟವಾದುದು ಒಂದು ಸೋಜಿಗ. ಇಂದು ಬಾಯಿಯ ಜೊಲ್ಲಿನಿಂದಲೇ ಪೂರ್ವಿಕರ ಸುಳಿವನ್ನು ಹಿಡಿಯಬಹುದಾಗಿದೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಇಳಿಯುತ್ತದೆ, ಮೈಟೊಕಾಂಡ್ರಿಯದ ಡಿ.ಎನ್.ಎ. ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಆದರೆ ಲೆಕ್ಕ ಮಾಡಿ ನೋಡಿರಿ: ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮ್ಮ ಪೂರ್ವಿಕರ ಸ್ಥಾನಗಳು ೧೦೨೪. ಈ ಎರಡು ಎಳೆಗಳು ತೋರಿಸುವುದು ಅವುಗಳಲ್ಲಿ ಇಬ್ಬರನ್ನು ಮಾತ್ರ! ಉಳಿದ ೧೦೨೨ ಸ್ಥಾನಗಳನ್ನು ಮರೆತು ಒಂದೇ ಕುಲದ ಹೆಮ್ಮೆಯನ್ನು ಕೊಚ್ಚಿಕೊಳ್ಳುವುದು ಎಷ್ಟು ಸರಿ? ಹೈದರಾಬಾದಿನ ವಿಜ್ಞಾನಿಗಳೂ ಅಮೆರಿಕದ ವಿಜ್ಞಾನಿಗಳೂ ಕೂಡಿ ೨೫ ಸಮುದಾಯಗಳ ೧೩೨ ಜನರ ಡಿ.ಎನ್.ಎ.ಯನ್ನು ಪರೀಕ್ಷಿಸಿ, ೨೦೦೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಭಾರತದ ಬಹುತೇಕ ಎಲ್ಲ ಸಮುದಾಯಗಳೂ ಪ್ರಾಚೀನ ಮೂಲಗಳ ಬೆರಕೆಯೆಂಬುದೂ, ಅನೇಕ ಸಮುದಾಯಗಳು ಬಹುಕಾಲ ತಮ್ಮೊಳಗೇ ವಿವಾಹವಾಗುತ್ತ ಬಂದಿವೆಯೆಂಬುದೂ ಅದರಿಂದ ತಿಳಿದುಬಂದಿತು.

ಶಾಸ್ತ್ರದ ಜೊತೆಗೆ ಇರಾವತಿಯವರು ಸಾಹಿತ್ಯದಲ್ಲಿಯೂ ಕೀರ್ತಿಶಾಲಿಗಳು. ಮಹಾಭಾರತದ ಪಾತ್ರಗಳನ್ನು ವಿಮರ್ಶಿಸುವ ಮರಾಠಿಯ ಯುಗಾಂತ ಗ್ರಂಥವು ೧೯೬೭ರಲ್ಲಿ ಹೊರಬಂದು, ಮರುವರ್ಷ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಅಲ್ಲಿಯೂ ಅವರನ್ನು ಕಾಡಿದುದು ವಂಶದ ಪ್ರಶ್ನೆಯೇ: ಧರ್ಮರಾಜನ ನಿಜವಾದ ತಂದೆ ವಿದುರನಾಗಿರಬಹುದೇ ಎಂದು ಅವರು ವಿಚಾರಿಸಿದ್ದಾರೆ. ಕೊಯ್ನಾ ಅಣೆಕಟ್ಟಿನಿಂದ ಮನೆಮಠಗಳನ್ನು ಕಳೆದುಕೊಂಡವರ ಸ್ಥಿತಿಗತಿಗಳನ್ನೂ ಸಮೀಕ್ಷಿಸಿದರು. ೧೯೭೦ನೆಯ ಆಗಸ್ಟ್ ೧೧ರಂದು ಅವರು ಕಾಲವಾದರು.

ನಮ್ಮ ಪೂರ್ವಿಕರನ್ನು ಅರಿಯಬೇಕೆಂಬ ಹಂಬಲವು ಒಳ್ಳೆಯದೇ. ಮಕ್ಕಳು ಅಜ್ಜಅಜ್ಜಿಯರ ಬಳಿ ಕುಳಿತು ಹಿರಿಯರ ಹೆಸರನ್ನೂ ಊರನ್ನೂ, ಅದರಲ್ಲಿಯೂ ಅಜ್ಜಿಯರ ತವರುಮನೆಗಳನ್ನು, ಕೇಳಿ ಬರೆದಿಡಲಿ. ಆದರೆ ಅದು ಇತರರನ್ನು ಕೀಳೆಂದು ಕಾಣುವುದಕ್ಕೆ ಸಾಧನವಾಗದಿರಲಿ. ಮುಂದೆ ಅಳತೆಯ ಕೋಲು ಯಾರ ಕೈಗೆ ಬಂದರೂ, ಬರ್ಲಿನಿನಲ್ಲಿ ಆ ತರುಣಿಯು ಮಾಡಿದಂತೆ, ಕಂಡುದನ್ನು ಕಂಡಂತೆ ಹೇಳುವ ಧೈರ್ಯವು ಅವರಲ್ಲಿರಲಿ ಎಂದು ಹಾರೈಸುತ್ತೇವೆ.